ಡಿಕ್ರಿ ಬಂದ್ರೆ ಬ್ಯಾಂಕ್ ಬಿಡುತ್ತಾ? ಇಬ್ಬರ ಹೆಸರಿನ ಮನೆ, ಇಬ್ಬರ ಹೆಸರಿನ ಸಾಲ

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ಮೂರು ಕಾರ್ಕಳದ ಹತ್ರ, ಮದುವೆ ಆಗಿ ಡೊಂಬಿವಲಿಗೆ ಬಂದು 13 ವರ್ಷ ಆಯ್ತು. ನನಗೀಗ 38, ಮಗನಿಗೆ 9. ಇವರು ಒಂದೂವರೆ ವರ್ಷದಿಂದ ಬೆಂಗಳೂರಲ್ಲೇ ಇದ್ದಾರೆ, ಜಗಳ ಆಡಿ ಆಡಿ ಇಬ್ಬರಿಗೂ ಸಾಕಾಗಿ ಈಗ ಮ್ಯೂಚುವಲ್ ಡಿವೋರ್ಸ್‌ಗೆ ಒಪ್ಪಿದ್ದೇವೆ, ಕೋರ್ಟಿಗೆ ಇನ್ನೂ ಹಾಕಿಲ್ಲ. ಸಮಸ್ಯೆ ಮನೆಯದ್ದು. 8 ವರ್ಷದ ಹಿಂದೆ 58 ಲಕ್ಷಕ್ಕೆ ತಗೊಂಡ ಫ್ಲ್ಯಾಟ್, ಅಗ್ರಿಮೆಂಟೂ ಲೋನೂ ಇಬ್ಬರ ಹೆಸರಲ್ಲಿ. ಕೈಯಿಂದ ಹಾಕಿದ 13 ಲಕ್ಷದಲ್ಲಿ 8 ಲಕ್ಷ ನನ್ನ ಅಪ್ಪ ಅಡಿಕೆ ತೋಟದ ಒಂದು ತುಂಡು ಮಾರಿ ಕೊಟ್ಟಿದ್ದು. 45 ಲಕ್ಷದ ಸಾಲ 20 ವರ್ಷಕ್ಕೆ, ಇಎಂಐ 39,000, ಇನ್ನೂ 35 ಲಕ್ಷ ಬಾಕಿ. ಇಎಂಐ ಅವರ ಸಂಬಳದಿಂದ ಹೋಗ್ತಿತ್ತು, ಮನೆ ಖರ್ಚು ಸ್ಕೂಲ್ ಫೀಸ್ ಎಲ್ಲ ನನ್ನದು. ಎರಡು ತಿಂಗಳಿಂದ ಅವರು ಕಟ್ಟಿಲ್ಲ, ಬ್ಯಾಂಕಿನವರು ನನಗೇ ಫೋನ್ ಮಾಡ್ತಾರೆ. ಬ್ರೋಕರ್ ಪ್ರಕಾರ ಮನೆಗೆ ಈಗ 75 ಲಕ್ಷ ಇದೆಯಂತೆ, ಅದಕ್ಕೆ ಇವರು ಮನೆ ನೀನೇ ಇಟ್ಕೋ ನನ್ನ ಪಾಲು 20 ಲಕ್ಷ ಕೊಡು ಅಂತಾರೆ. ಡಿಕ್ರಿ (ಡಿವೋರ್ಸಿನ ಕೋರ್ಟ್ ಆರ್ಡರ್) ಆದ್ಮೇಲೆ ಲೋನ್ ತಾನಾಗಿ ನಿಮ್ಮ ಹೆಸರಿಗೆ ಬರುತ್ತೆ ಅಂತ ಅವರ ವಕೀಲರು ಹೇಳಿದ್ರು. ನನ್ನ ಕೈಗೆ ಬರೋ ಸಂಬಳ 72,000. ತಮ್ಮ ಮಾರಿ ಊರಿಗೆ ಬಾ ಅಂತಾನೆ, ಆದ್ರೆ ಮಗನ ಸ್ಕೂಲ್ ಇಲ್ಲೇ ಐದು ನಿಮಿಷದ ದಾರಿ, ನನ್ನ ಕೆಲಸ ಇಲ್ಲಿ. ಅರ್ಧ ಅವರದ್ದು ಅಂತ ಕಾನೂನೇ ಇದೆಯಾ? ಮನೆ ಉಳಿಸ್ಕೊಳ್ಳೋಕೆ ಆಗುತ್ತಾ? (ಹೆಸರು ಬೇಡ, ಡೊಂಬಿವಲಿ ಪೂರ್ವ)

ಉತ್ತರ: ತಂಗೀ, ನಿಮ್ಮ ಕಾಗದ ಎರಡು ಸಲ ಓದಿದೆ. ಎಲ್ಲಕ್ಕಿಂತ ಮೊದಲು ಆ ಎರಡು ತಿಂಗಳ ಬಾಕಿ ವಿಷಯ, ಯಾಕಂದ್ರೆ ಉಳಿದದ್ದಕ್ಕೆಲ್ಲ ಟೈಮ್ ಇದೆ ಇದಕ್ಕಿಲ್ಲ. ಮೂರನೇ ತಿಂಗಳು ತಪ್ಪೋಕೆ ಬಿಡಬೇಡಿ. 90 ದಿನ ದಾಟಿದ್ರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತೆ, ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬಾಕಿ ಕಟ್ಟಿ ಇಲ್ಲಾಂದ್ರೆ ಮನೆ ವಶಕ್ಕೆ ತಗೋತೇವೆ ಅಂತ 60 ದಿನದ ನೋಟೀಸ್ ಕಳಿಸೋ ಅಧಿಕಾರ ಬ್ಯಾಂಕಿಗೆ ಬರುತ್ತೆ, ಇಬ್ಬರ ಸಿಬಿಲ್ಲೂ (ಸಾಲ ಸರಿಯಾಗಿ ಕಟ್ಟಿದ್ದಕ್ಕೆ ಸಿಗೋ ಸ್ಕೋರು) ಕೆಡುತ್ತೆ, ನಾಳೆ ಇದೇ ಲೋನನ್ನ ನಿಮ್ಮೊಬ್ಬರ ಹೆಸರಿಗೆ ಮಾಡಿ ಅಂತ ಕೇಳೋಕೆ ಹೋದಾಗ ಬ್ಯಾಂಕಿನವರು ಮೊದಲು ನೋಡೋದೇ ಆ ಸ್ಕೋರನ್ನ. ಅವರು ಕಟ್ಟಬೇಕಿತ್ತು ಅನ್ನೋದು ನ್ಯಾಯವೇ, ಆದ್ರೆ ಅದು ನಿಮ್ಮಿಬ್ಬರ ನಡುವಿನ ಮಾತು. ಬಳೆ ಅಡವಿಟ್ಟಾದ್ರೂ ಸರಿ ನಿಮ್ಮ ಖಾತೆಯಿಂದಲೇ ಕಟ್ಟಿ, ಕ್ಯಾಶ್ ಬೇಡ, ಮತ್ತೆ ಅವರಿಗೆ ವಾಟ್ಸಾಪಲ್ಲಿ ಒಂದು ಸಾಲು ಹಾಕಿ, ಈ 78,000 ನಾನು ಕಟ್ಟಿದ್ದೇನೆ ಕೊನೆಯ ಲೆಕ್ಕದಲ್ಲಿ ಇದನ್ನ ಹಿಡೀಬೇಕು ಅಂತ.

ಈಗ ಆ ವಕೀಲರ ಮಾತು. ಡಿಕ್ರಿ ಬಂದ್ರೆ ಲೋನ್ ತಾನಾಗಿ ನಿಮ್ಮದಾಗಲ್ಲ. ಸಾಲ ತಗೊಳ್ಳುವಾಗ ಇಬ್ಬರೂ ಸೈನ್ ಹಾಕಿದ್ದೀರಿ, ಅಂದ್ರೆ ಪೂರ್ತಿ ಸಾಲಕ್ಕೆ ಅವರೂ ಹೊಣೆ ನೀವೂ ಹೊಣೆ, ಅರ್ಧ ಅರ್ಧ ಅಲ್ಲ. ಕೋರ್ಟಿನ ಆರ್ಡರ್ ಗಂಡ ಹೆಂಡತಿ ನಡುವಿನದ್ದು, ಬ್ಯಾಂಕ್ ಆ ಕೇಸಲ್ಲಿ ಪಾರ್ಟಿನೇ ಅಲ್ಲ, ಹಾಗಾಗಿ ಆ ಆರ್ಡರ್ ತೋರಿಸಿದ್ರೂ ಬ್ಯಾಂಕ್ ತನ್ನ ಅಗ್ರಿಮೆಂಟನ್ನೇ ನೋಡುತ್ತೆ. ಹಾಗೇ ಲೋನಲ್ಲಿ ಹೆಸರು ಬದಲಾದ್ರೆ ಮನೆ ಕಾಗದದಲ್ಲಿ ಬದಲಾಗಲ್ಲ, ಮನೆ ಕಾಗದದಲ್ಲಿ ಬದಲಾದ್ರೆ ಹೌಸಿಂಗ್ ಸೊಸೈಟಿಯಲ್ಲಿ ಆಗಲ್ಲ. ಮೂರು ಕಡೆ ಮೂರು ಸಲ ಮಾಡಿಸ್ಬೇಕು.

ನನ್ನ ಸ್ವಂತ ತಂಗಿಯ ಕತೆ ಹೇಳ್ತೇನೆ. ಭಾಂಡುಪಲ್ಲಿ ಮನೆ, 2011ರಲ್ಲಿ ಡಿಕ್ರಿ ಆಯ್ತು, ಮನೆ ಅವಳಿಗೆ ಸಾಲ ಅವಳೇ ಕಟ್ಟಬೇಕು ಅಂತ ಸ್ಪಷ್ಟ ಇತ್ತು, ಆರು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ್ಳು, ಆದ್ರೆ ಮಾಜಿ ಗಂಡನ ಹೆಸರು ತೆಗೆಸೋದು ಇವತ್ತು ನಾಳೆ ಅಂತ ಉಳೀತು. 2017ರಲ್ಲಿ ಅವರು ಹಾರ್ಟ್ ಅಟ್ಯಾಕಲ್ಲಿ ತೀರಿಕೊಂಡ್ರು. ಆಗ ಬ್ಯಾಂಕೂ ಸೊಸೈಟಿಯೂ ಅವರ ವಾರಸುದಾರರ ಸೈನ್ ತನ್ನಿ ಅಂದ್ರು, ಅಂದ್ರೆ ಅವರ ಎರಡನೇ ಹೆಂಡತಿ ಮತ್ತೆ ವಯಸ್ಸಾದ ತಾಯಿ. ಸೊಸೈಟಿ ಶೇರ್ ಸರ್ಟಿಫಿಕೇಟ್ ಕೈಯಲ್ಲಿ ಹಿಡ್ಕೊಂಡು ನನ್ನೆದುರು ಕೂತಿದ್ಳು, ತಿರುಗಿಸಿದ್ರೆ ಹಿಂದೆ ಟ್ರಾನ್ಸ್‌ಫರ್ ಬರೆಯೋ ಕೋಷ್ಟಕ, ತಾರೀಕು, ಯಾರಿಂದ, ಯಾರಿಗೆ, ಸೆಕ್ರೆಟರಿ ಸಹಿ, ಎಲ್ಲ ಗೆರೆ ಖಾಲಿ. ಆ ಒಂದು ಗೆರೆ ತುಂಬಿಸೋಕೆ ಮತ್ತೆ ಮೂರು ವರ್ಷ ಅಲೆದ್ಳು. ನಾನು 26 ವರ್ಷ ಬ್ಯಾಂಕಿನ ಹೋಮ್ ಲೋನ್ ಟೇಬಲಲ್ಲಿ ಕೂತವಳು, ಅವಳಿಗೆ ಆಗಲೇ ಗಟ್ಟಿಯಾಗಿ ಹೇಳ್ಬೇಕಿತ್ತು, ಹೇಳಲಿಲ್ಲ ಅನ್ನೋ ನೋವು ಇನ್ನೂ ಇದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳ್ತಿರೋದು.

ಅರ್ಧ ಅವರದ್ದಾ ಅಂತ ಕೇಳಿದ್ರಿ. ಮದುವೆ ಆದ ಮಾತ್ರಕ್ಕೆ ಆಸ್ತಿ ಅರ್ಧ ಅರ್ಧ ಅನ್ನೋ ಕಾನೂನು ಮಹಾರಾಷ್ಟ್ರದಲ್ಲಿ ಇಲ್ಲ. (ಗೋವಾದ ಮಾತು ಬೇರೆ, ಅಲ್ಲಿ ಪೋರ್ಚುಗೀಸರ ಕಾಲದ 1867ರ ಸಿವಿಲ್ ಕೋಡ್ ಇನ್ನೂ ನಡೀತಿದೆ, ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡ್ಕೊಳ್ಳದಿದ್ರೆ ಗಂಡ ಹೆಂಡತಿ ಆಸ್ತಿ ಇಬ್ಬರದ್ದೂ ಒಟ್ಟು ಅಂತ ಲೆಕ್ಕ, ವಾಸ್ಕೋ ಮಡಗಾಂವ್ ಕಡೆಯ ಓದುಗರು ಅಲ್ಲಿಯ ವಕೀಲರನ್ನೇ ಕೇಳಿ.) ನಿಮ್ಮ ಕೇಸಲ್ಲಿ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಬರುತ್ತೆ, ಇಬ್ಬರು ಸೇರಿ ಕೊಂಡಾಗ ಯಾರು ಎಷ್ಟು ಹಾಕಿದ್ರೋ ಅಷ್ಟು ಪಾಲು, ಅದಕ್ಕೆ ಪುರಾವೆ ಇಲ್ಲದಿದ್ರೆ ಸಮಪಾಲು. ಇದು ಕೇಳಿ ಖುಷಿ ಪಡಬೇಡಿ, ಯಾಕಂದ್ರೆ ಈ ಲೆಕ್ಕ ಅವರ ಕಡೆಗೂ ವಾಲಬಹುದು, ಇಎಂಐ ಹೋಗಿದ್ದು ಅವರ ಖಾತೆಯಿಂದ, ನೀವು ತಂದ ಅಕ್ಕಿ ಬೇಳೆಗೆ ರಸೀದಿ ಎಲ್ಲಿದೆ. ಕೋರ್ಟಲ್ಲಿ ಪಾಲಿಗೆ ಬಡಿದಾಡೋದಕ್ಕಿಂತ ಮಾತಾಡಿ ಮುಗಿಸೋದೇ ನಿಮಗೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಮಾತಿಗೆ ಕೂರುವಾಗ ನಿಮ್ಮ ಕೈಯಲ್ಲಿ ಎರಡು ಕಾಗದ ಇರ್ಲಿ, ಅಪ್ಪ ಕಳಿಸಿದ 8 ಲಕ್ಷ ಕಾಣೋ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೆ ನೋಂದಾಯಿತ ವ್ಯಾಲ್ಯುಯರ್ ಕೊಟ್ಟ ರಿಪೋರ್ಟ್. ಬ್ರೋಕರ್ ಬಾಯಲ್ಲಿ ಬರೋದು ಮಾರೋ ಆಸೆಯ ರೇಟು.

75 ಅಂತಲೇ ಇಟ್ಕೊಳ್ಳೋಣ. ಸಾಲ 35 ಹೋದ್ರೆ ಉಳಿಯೋದು 40. ಅದ್ರಲ್ಲಿ ಅಪ್ಪನ 8 ಮೊದಲು ಬದಿಗಿಡಿ ಅಂತ ಕೇಳಿ, ಉಳಿದ 32ರಲ್ಲಿ ಅರ್ಧ ಅಂದ್ರೆ 16. ಅದ್ರಲ್ಲಿ ನೀವು ಕಟ್ಟೋ ಕಂತುಗಳನ್ನ ಕಳೀರಿ. ನಿಮಗೆ ಬರಬೇಕಾದ ಒಂದು ಗಂಟಿನ ಜೀವನಾಂಶ ಇದ್ರೆ ಅದನ್ನೂ ಇದ್ರಲ್ಲಿ ಹೊಂದಿಸ್ಬಹುದು. ಮಗನ ಖರ್ಚಿಗೆ ಬರಬೇಕಾದ್ದನ್ನ ಮಾತ್ರ ಮನೆಗೋಸ್ಕರ ಬಿಟ್ಟುಕೊಡಬೇಡಿ, ಅದು ಅವನ ಹಕ್ಕು, ಅಮ್ಮ ಅಂತ ನೀವು ಬಿಡೋಕೆ ಬರಲ್ಲ.

ಇನ್ನು ನಿಮ್ಮ ಕೈಯಲ್ಲಿ ಆಗುತ್ತಾ ಅನ್ನೋದು. ಬ್ಯಾಂಕಿನವರು ಸಾಮಾನ್ಯವಾಗಿ ಕೈಗೆ ಬರೋ ಸಂಬಳದ ಅರ್ಧದವರೆಗೆ ಎಲ್ಲಾ ಕಂತು ಸೇರಿ ಒಪ್ತಾರೆ, ನಿಮಗೆ 36,000. ಈಗಿನ 39,000 ಅದಕ್ಕಿಂತ ಜಾಸ್ತಿ, ಹೀಗೇ ಹೋಗಿ ಕೇಳಿದ್ರೆ ಆಗಲ್ಲ ಅಂತಾರೆ, ಅಲ್ಲಿಗೇ ಬಿಟ್ಟು ಬರಬೇಡಿ. ಉಳಿದ 12 ವರ್ಷವನ್ನ 18ಕ್ಕೆ ಎಳೆದ್ರೆ ಎಂಟೂವರೆ ಪರ್ಸೆಂಟ್ ಬಡ್ಡಿಗೆ ಕಂತು 31,700ರ ಹತ್ರ ಬರುತ್ತೆ, ನಿಮಗೆ 56 ಆಗುವಾಗ ಸಾಲ ಮುಗಿಯುತ್ತೆ, ರಿಟೈರ್‌ಮೆಂಟ್ ಒಳಗೇ. ಆದ್ರೆ ಒಟ್ಟು ಲೆಕ್ಕದಲ್ಲಿ 12 ಲಕ್ಷ ಹೆಚ್ಚು ಕಟ್ಟಿದ ಹಾಗಾಗುತ್ತೆ, ಅದು ಗೊತ್ತಿದ್ದೇ ಸೈನ್ ಹಾಕಿ, ಕೈಯಲ್ಲಿ ಬೋನಸ್ ಬಂದಾಗೆಲ್ಲ ಅಸಲಿಗೆ ಹಾಕಿ ಕಮ್ಮಿ ಮಾಡ್ಕೊಳ್ಳಿ. ಅವರಿಗೆ ಕೊಡೋ 16 ಲಕ್ಷವನ್ನೂ ಲೋನಲ್ಲೇ ಸೇರಿಸಿ 51 ಮಾಡಿದ್ರೆ ಮಾತ್ರ ಕಂತು 46,000 ದಾಟುತ್ತೆ, ಉಳಿಯೋ 26,000ದಲ್ಲಿ ಸೊಸೈಟಿ ಮೇಂಟೆನೆನ್ಸು, ಫೀಸು, ರೇಷನ್ನು, ಟ್ರೇನ್ ಪಾಸು, ಮಗನಿಗೆ ಜ್ವರ ಬಂದ ತಿಂಗಳು ಏನು ಮಾಡ್ತೀರಿ? ಆ 16ಕ್ಕೆ ಚಿನ್ನ, ಪಿಎಫ್, ಅಪ್ಪ ತಮ್ಮನ ಸಹಾಯ, ಎರಡು ಮೂರು ವರ್ಷದ ಕಂತು, ಹೀಗೆ ಬೇರೆ ದಾರಿ ಸಿಕ್ಕಿದ್ರೆ ಮನೆ ಉಳಿಸ್ಕೊಳ್ಳಿ. ಸಿಗದಿದ್ರೆ ತಮ್ಮ ಹೇಳಿದ್ರಲ್ಲಿ ಅರ್ಧ ಸರಿ ಇದೆ, ಮಾರಿ, ಆದ್ರೆ ಊರಿಗೆ ಯಾಕೆ ಹೋಗ್ಬೇಕು, ಅದೇ ಸ್ಕೂಲ್ ಹತ್ರ ಬಾಡಿಗೆಗೆ ಇರಿ.

ಉಳಿಸ್ಕೊಳ್ಳೋದಾದ್ರೆ ಮೊದಲು ಹೋಗಬೇಕಾದ್ದು ಬ್ಯಾಂಕಿಗೆ, ವಕೀಲರ ಹತ್ರ ಅಲ್ಲ. ಕೋ-ಬಾರೋವರ್ (ಜೊತೆ ಸಾಲಗಾರ) ಹೆಸರು ತೆಗೆದು ನನ್ನೊಬ್ಬಳ ಹೆಸರಲ್ಲಿ ಮುಂದುವರಿಸಿ ಅಂತ ಲಿಖಿತ ಅರ್ಜಿ ಕೊಡಿ. ಹೊಸ ಸಾಲದ ಹಾಗೇ ನಿಮ್ಮ ಸ್ಯಾಲರಿ ಸ್ಲಿಪ್, ಐಟಿ ರಿಟರ್ನ್, ಸಿಬಿಲ್ ಎಲ್ಲ ನೋಡ್ತಾರೆ. ಸಾಲದು ಅಂದ್ರೆ ಸಂಬಳ ಇರೋ ತಮ್ಮನನ್ನ ಸೇರಿಸ್ಬಹುದಾ ಕೇಳಿ. ಈ ಬ್ಯಾಂಕ್ ಒಪ್ಪದಿದ್ರೆ ಬೇರೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡಿಸಿ, ಬಡ್ಡಿ ಏರಿಳಿಯೋ ಫ್ಲೋಟಿಂಗ್ ರೇಟಿನ ಹೋಮ್ ಲೋನನ್ನ ಮುಂಚೆ ಮುಗಿಸೋದಕ್ಕೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ತಾತ್ವಿಕ ಒಪ್ಪಿಗೆ ಕಾಗದದಲ್ಲಿ ಬಂದ ಮೇಲೆ ಮಾತ್ರ ಕನ್ಸೆಂಟ್ ಟರ್ಮ್ಸ್‌ಗೆ (ಇಬ್ಬರೂ ಒಪ್ಪಿ ಕೋರ್ಟಿಗೆ ಕೊಡೋ ಷರತ್ತಿನ ಕಾಗದ) ಸೈನ್. ಅದ್ರಲ್ಲಿ ಫ್ಲ್ಯಾಟ್ ನಂಬರ್, ಲೋನ್ ನಂಬರ್, ಯಾವ ತಾರೀಕಿನೊಳಗೆ ಅವರ ಹೆಸರು ತೆಗೀಬೇಕು, ಅಲ್ಲಿವರೆಗೆ ಕಂತು ಯಾರದ್ದು, ಬ್ಯಾಂಕ್ ಕೊನೆಗೆ ಕೈ ಎತ್ತಿದ್ರೆ ಎಷ್ಟು ತಿಂಗಳಲ್ಲಿ ಮಾರಿ ಹೇಗೆ ಹಂಚ್ಕೋಬೇಕು, ಇಷ್ಟೂ ಬರೀಬೇಕು. ಅವರು ಎಳೆದಾಡಿದ್ರೆ ಒಂದು ಮಾತು ನೆನಪಿಸಿ, ಈ ಸಾಲದಲ್ಲಿ ಅವರ ಹೆಸರು ಇರೋವರೆಗೆ ಬೆಂಗಳೂರಲ್ಲಿ ಅವರು ಮನೆ ಸಾಲ ಕೇಳಿದ್ರೆ ಈ ಕಂತನ್ನೂ ಅವರ ಲೆಕ್ಕಕ್ಕೇ ಹಿಡೀತಾರೆ. ಹೆಸರು ತೆಗೆಸೋದು ಅವರಿಗೂ ಬೇಕಾದ್ದೇ.

ಆಮೇಲೆ ಅವರ ಪಾಲು ನಿಮ್ಮ ಹೆಸರಿಗೆ ಬರಬೇಕು, ಮನೆ ಅಡವಿರೋದ್ರಿಂದ ಬ್ಯಾಂಕಿನ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನೋ ಪತ್ರ) ಜೊತೆಗೇ. ಇಲ್ಲಿ ಟೈಮ್ ಬಹಳ ಮುಖ್ಯ. ಮಹಾರಾಷ್ಟ್ರದಲ್ಲಿ ಗಂಡ ಹೆಂಡತಿಗೆ ವಾಸದ ಮನೆ ಗಿಫ್ಟ್ ಮಾಡಿದ್ರೆ ಸ್ಟ್ಯಾಂಪ್ ಡ್ಯೂಟಿ 200 ರೂಪಾಯಿ, ಅದರ ಮೇಲೆ ಸ್ಥಳೀಯ ಸರ್ಚಾರ್ಜ್ ಎಷ್ಟು ಅಂತ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೇಳ್ಕೊಳ್ಳಿ. ಡಿಕ್ರಿ ಆದ ಮರುದಿನ ನೀವು ಹೆಂಡತಿ ಅಲ್ಲ, ಆ ರಿಯಾಯಿತಿ ಇಲ್ಲ. ಆದ್ರೆ ಪಾಲಿಗೆ ದುಡ್ಡು ಕೊಡೋದಾದ್ರೆ ಅದು ಗಿಫ್ಟ್ ಅಲ್ಲ, ಒಳಗೊಳಗೆ ದುಡ್ಡು ಕೊಟ್ಟು ಮೇಲೆ ಗಿಫ್ಟ್ ಅಂತ ಬರೆಸೋ ಸಲಹೆ ಯಾರು ಕೊಟ್ರೂ ಬೇಡ, ನಾಳೆ ಜಗಳ ಬಂದ್ರೆ ಕಾಗದವೇ ನಿಮಗೆ ತಿರುಗಿ ಬೀಳುತ್ತೆ. ದುಡ್ಡು ಕೊಡೋದಾದ್ರೆ ರಿಲೀಸ್ ಡೀಡ್ (ಪಾಲು ಬಿಟ್ಟುಕೊಡೋ ಪತ್ರ), ಅದಕ್ಕೆ ಅವರ ಪಾಲಿನ ಮಾರ್ಕೆಟ್ ಬೆಲೆ ಮೇಲೆ ಡ್ಯೂಟಿ, ನಿಮ್ಮ ಕಡೆ ಹೆಚ್ಚುಕಮ್ಮಿ 7 ಪರ್ಸೆಂಟ್, ಅಂದ್ರೆ 37.5 ಲಕ್ಷಕ್ಕೆ 2.6 ಲಕ್ಷದಷ್ಟು. ಇದನ್ನ ಯಾರು ಕೊಡೋದು ಅಂತಲೂ ಮೊದಲೇ ಮಾತಾಡಿ. ಫ್ಲ್ಯಾಟನ್ನ ಆ ಕೇಸಿನದ್ದೇ ವಿಷಯ ಮಾಡಿ ಡಿಕ್ರಿಯಲ್ಲೇ ಸೇರಿಸಿದ್ರೆ ರಿಜಿಸ್ಟ್ರೇಷನ್ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ರಿಜಿಸ್ಟರ್ ಮಾಡಿಸೋದಕ್ಕೆ ಒಂದು ವಿನಾಯಿತಿ ಇದೆ, ನಿಮಗೆ ಅದು ಹೊಂದುತ್ತಾ ಅಂತ ನಿಮ್ಮದೇ ವಕೀಲರ ಹತ್ರ ಕೇಳಿ, ಇಬ್ಬರಿಗೂ ಒಬ್ಬರೇ ವಕೀಲರು ಬೇಡ.

ಮ್ಯೂಚುವಲ್‌ನಲ್ಲಿ ಎರಡು ಮೋಷನ್ (ಇಬ್ಬರೂ ಕೋರ್ಟಿನ ಮುಂದೆ ಡಿವೋರ್ಸ್ ಕೇಳೋ ಹಂತ) ನಡುವೆ 6 ತಿಂಗಳು ಅಂತ ಕಾಯ್ದೆಯಲ್ಲಿದೆ, ಆದ್ರೆ ಒಂದೂವರೆ ವರ್ಷ ಬೇರೆ ಇದ್ದವರಿಗೆ ಕೋರ್ಟ್ ಅದನ್ನ ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಮ್ಮದು ಅದೇ ಲೆಕ್ಕ. ಬೇಗ ಮುಗಿದ್ರೆ ಸಾಕು ಅಂತ ಅನಿಸೋದು ಸಹಜ, ಆದ್ರೆ ಮನೆ ಕಾಗದ ರೆಡಿ ಆಗೋ ಮೊದಲೇ ಡಿಕ್ರಿ ಬರೋ ಹಾಗೆ ಆತುರ ಮಾಡಬೇಡಿ. ಎರಡನೇ ಮೋಷನ್ ಆಗೋವರೆಗೆ ಯಾರು ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು, ಅದಕ್ಕೇ ದುಡ್ಡೆಲ್ಲ ಒಂದೇ ಸಲ ಕೊಡದೆ ಅರ್ಧ ಡೀಡ್ ರಿಜಿಸ್ಟರ್ ಆದ ದಿನ, ಅರ್ಧ ಎರಡನೇ ಮೋಷನ್ ದಿನ ಅಂತ ಬರೆಸಿ.

ಡೀಡ್ ಆದ ವಾರದಲ್ಲೇ ಬ್ಯಾಂಕಿಗೆ ಹೋಗಿ ಹೊಸ ಲೋನ್ ಕಾಗದಕ್ಕೆ ಸೈನ್ ಹಾಕಿ, ಅವರ ಹೆಸರು ತೆಗೆದ ಪತ್ರ ಕೇಳಿ ತಗೊಳ್ಳಿ, ಒಂದೆರಡು ತಿಂಗಳಲ್ಲಿ ಸಿಬಿಲ್ ರಿಪೋರ್ಟ್ ತೆಗೆದು ನೋಡಿ. ಹಳೇ ಲೋನಿನ ಜೊತೆ ಬಂದ ಇನ್ಶೂರೆನ್ಸ್ ಯಾರ ಜೀವದ ಮೇಲಿದೆ ನೋಡಿ, ತುಂಬಾ ಸಲ ಮೊದಲ ಅರ್ಜಿದಾರರಾದ ಗಂಡನ ಮೇಲೇ ಇರುತ್ತೆ, ಹಾಗಿದ್ರೆ ಸಾಲದಷ್ಟು ಮೊತ್ತಕ್ಕೆ ನಿಮ್ಮ ಹೆಸರಲ್ಲಿ ಒಂದು ಟರ್ಮ್ ಪಾಲಿಸಿ ಬೇಕು. ಸೊಸೈಟಿಗೆ ಡೀಡ್ ಕಾಪಿ, ಇಂಡೆಕ್ಸ್ ಟೂ (ನೋಂದಣಿಯ ಸಾರಾಂಶ ಪತ್ರ), ಬ್ಯಾಂಕ್ ಎನ್‌ಒಸಿ ಕೊಟ್ಟು ಅರ್ಜಿ ಹಾಕಿ. ಹೆಸರು ವರ್ಗಾಯಿಸೋಕೆ ಪ್ರೀಮಿಯಂ ಅಂತ ಸೊಸೈಟಿಯವರು ದೊಡ್ಡ ಮೊತ್ತ ಕೇಳಿದ್ರೆ ಹೆದರಬೇಡಿ, ಹೊರಗಿನವರಿಗೆ ಮಾರಿದ್ರೂ ಅದರ ಮಿತಿ 25,000, ಮನೆಯವರೊಳಗಿನ ವರ್ಗಾವಣೆಗೆ ಪ್ರೀಮಿಯಂ ಇಲ್ಲ. ಶೇರ್ ಸರ್ಟಿಫಿಕೇಟ್ ವಾಪಸ್ ಬಂದಾಗ ಹಿಂದೆ ತಿರುಗಿಸಿ ನಿಮ್ಮೊಬ್ಬರ ಹೆಸರು, ಸಹಿ, ಸೀಲ್ ಇದೆಯಾ ಅಂತ ಅಲ್ಲೇ ನಿಂತು ನೋಡಿ. ಅದೇ ದಿನ ನಾಮಿನೇಷನ್ ಫಾರ್ಮ್ ಬದಲಿಸಿ, ಹಳೆಯದ್ರಲ್ಲಿ ಅವರ ಹೆಸರೇ ಇರುತ್ತೆ, ಈಗ ಮಗನದ್ದು ಹಾಕಿ, ಅವನು ಇನ್ನೂ ಚಿಕ್ಕವನಾದ್ರಿಂದ ಗಾರ್ಡಿಯನ್ ಜಾಗದಲ್ಲಿ ನಿಮ್ಮ ತಮ್ಮನ ಹೆಸರು ಬರೆಸಿ.