ಕೌಂಟರಿನ ಆಚೆ ನಿಂತವರು

ಸಹೋದರಿ, ನಮಸ್ಕಾರ.

ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ಉಳಿದ ಓದುಗರಿಗೆ ನಿಮ್ಮ ಪತ್ರದ ಸಾರವಾದರೂ ಗೊತ್ತಾಗಬೇಕಲ್ಲ. ನೀವು 11 ವರ್ಷದಿಂದ ನಾಡಕಚೇರಿಯೊಂದರಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್. "ಬೆಳಗಿನಿಂದ ಸಂಜೆವರೆಗೆ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಟೈಪ್ ಮಾಡುವುದೇ ಆಯಿತು. ಕಿತ್ತಳೆ ಮಾರಿ ಊರಿಗೆ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬನವರಂಥವರ ಬಗ್ಗೆ ಓದಿದಾಗ ನನ್ನ ಬದುಕಿಗೆ ಒಂದು ಗುರಿಯೇ ಇಲ್ಲವಲ್ಲ ಅನ್ನಿಸುತ್ತದೆ" ಎಂದು ಬರೆದಿದ್ದೀರಿ.

ಓದುತ್ತಾ ನನ್ನ ಮೊದಲ ಕೆಲಸ ನೆನಪಾಯಿತು. ಸಣ್ಣ ಊರಿನ ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಆಗಿನ್ನೂ ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸುವ ಕಾಲ. ಬೇರೆಯವರು ಬರೆದದ್ದರಲ್ಲಿ ಒತ್ತು, ದೀರ್ಘ ಹುಡುಕುತ್ತಾ ಕೂರುವುದೂ ಒಂದು ಬದುಕಾ ಎಂದು ನನಗೂ ಅನ್ನಿಸುತ್ತಿತ್ತು. ಒಂದು ರಾತ್ರಿ ನಿಧನ ವಾರ್ತೆಯೊಂದರ ಮೇಲೆ ಸುಮ್ನೆ ಕಣ್ಣಾಡಿಸಿ ಬಿಟ್ಟೆ. ತೀರಿಕೊಂಡವರ ಹೆಸರಿನ ಕೊನೆಯ 'ಪ್ಪ' ಅಚ್ಚಿನಲ್ಲಿ 'ವ್ವ' ಆಗಿತ್ತು. ಮರುದಿನ ಅವರ ಮಗ ಬಂದರು. ಜಗಳ ಆಡಲಿಲ್ಲ. ಪೇಪರನ್ನು ಮೇಜಿನ ಮೇಲಿಟ್ಟು, "ನಮ್ಮಪ್ಪನ ಹೆಸರು ಪೇಪರಲ್ಲಿ ಬಂದಿದ್ದು ಇದೊಂದೇ ಸಲ ಸಾರ್" ಅಂದರು.

ತಿದ್ದುಪಡಿ ಹಾಕಿದೆವು. ಆದರೆ ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಲ್ಲಿಂದ ಮುಂದೆ ಕರಡು ಕೈಗೆ ಬಂದಾಗಲೆಲ್ಲ, ಯಾರೋ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರ್ ಬಿಡಿಸುವುದು ಕಾಣುತ್ತಿತ್ತು. ಕೆಲಸ ಅದೇ, ಸಂಬಳವೂ ಅಷ್ಟೇ. ಬೇಸರ ಮಾತ್ರ ಕಡಿಮೆಯಾಯಿತು.

ನಿಮ್ಮ ಕೆಲಸದ ಆಚೆ ತುದಿ ನಿಮಗೆ ಕಾಣುತ್ತಿಲ್ಲ. ಕಾಣುವುದಾದರೂ ಹೇಗೆ? ಅರ್ಜಿ ನಿಮ್ಮ ಕೈ ಬಿಟ್ಟ ಮೇಲೆ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ಉಪ ತಹಶೀಲ್ದಾರರು ಅಂತ ಮುಂದೆ ಮುಂದೆ ಹೋಗಿಬಿಡುತ್ತದೆ. ಪ್ರಮಾಣಪತ್ರ ಸಿಕ್ಕ ಹುಡುಗಿ ತಿರುಗಿ ಬಂದು "ಅಕ್ಕಾ, ಸೀಟು ಸಿಕ್ಕಿತು" ಅನ್ನುವುದಿಲ್ಲ. ತಪ್ಪಿದ್ದರೆ ಮಾತ್ರ ಬರುತ್ತಾಳೆ. ಹಾಗಾಗಿ 11 ವರ್ಷದಿಂದ ನಿಮ್ಮ ಕಿವಿಗೆ ಬಿದ್ದದ್ದು ಬರೀ ದೂರು.

ಆ ಹುಡುಗಿಯ ಹಿಂದೆಯೇ ಸ್ವಲ್ಪ ದೂರ ಹೋಗಿ ನೋಡೋಣ. ಸಿಇಟಿ ಅರ್ಜಿಯಲ್ಲಿ ಅವಳು ಪ್ರಮಾಣಪತ್ರದ ಮೇಲಿರುವ ಗುರುತಿನ ಸಂಖ್ಯೆ, ಅಂದರೆ ಆರ್‌ಡಿ ಸಂಖ್ಯೆ ತುಂಬಬೇಕು. ವಿದ್ಯಾರ್ಥಿವೇತನಕ್ಕೂ ಅದೇ ಪ್ರಮಾಣಪತ್ರ, ಹಾಸ್ಟೆಲಿಗೂ ಅದೇ. ಅಂಕಪಟ್ಟಿಯ ಹೆಸರಿಗೂ ನೀವು ಟೈಪ್ ಮಾಡಿದ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ, ಅವಳ ಅಪ್ಪ ಒಂದು ದಿನದ ಕೂಲಿ ಬಿಟ್ಟು ಮತ್ತೆ ಬಸ್ಸು ಹತ್ತಬೇಕು. ಹೆಸರು ಸರಿಯಾಗಿದ್ದರೆ ಏನೂ ಆಗುವುದಿಲ್ಲ. ಅಪ್ಪ ಅವತ್ತು ಕೂಲಿಗೆ ಹೋಗುತ್ತಾನೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಹಾಗೆ ಏನೂ ಆಗದ ಹಾಗೆ ನೋಡಿಕೊಂಡವರು ನೀವೇ ಅಲ್ವಾ?

ಅಮೆರಿಕದ ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ಸಂಶೋಧಕಿಯರು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಮಾತಾಡಿಸಿ, 2001ರಲ್ಲಿ ಅದರ ಬಗ್ಗೆ ಬರೆದರು. ಕೆಲವರ ಪಾಲಿಗೆ ಅದು ನೆಲ ಒರೆಸುವ ಕೆಲಸ, ಅಷ್ಟೇ. ಇನ್ನು ಕೆಲವರು ರೋಗಿಗಳನ್ನು, ಅವರ ಮನೆಯವರನ್ನು ಮಾತಾಡಿಸುತ್ತಿದ್ದರು. ರೋಗಿ ಗುಣವಾಗುವುದರಲ್ಲಿ ತಮ್ಮ ಪಾಲೂ ಇದೆ ಎಂದು ನಂಬಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಜಬ್ಬನವರ ಮಾತಿಗೆ ಬರುತ್ತೇನೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷ್‌ನಲ್ಲಿ ಬೆಲೆ ಕೇಳಿದರು. ಹಾಜಬ್ಬನವರಿಗೆ ಉತ್ತರ ಹೇಳಲಾಗಲಿಲ್ಲ. ತನ್ನೂರಿನ ಮಕ್ಕಳಿಗೆ ಈ ಪಾಡು ಬೇಡ ಅನ್ನಿಸಿತು. 2000ದ ಸುಮಾರಿಗೆ ಅವರೂರು ನ್ಯೂಪಡ್ಪುವಿನಲ್ಲಿ ಶಾಲೆ ಶುರುವಾದಾಗ ಇದ್ದದ್ದು 28 ಮಕ್ಕಳು. ಪದ್ಮಶ್ರೀ ಘೋಷಣೆಯಾದದ್ದು 2020ರಲ್ಲಿ. ನಾವು ಪತ್ರಿಕೆಯವರು ಪ್ರಶಸ್ತಿಯ ದಿನ ಮಾತ್ರ ದೊಡ್ಡದಾಗಿ ಬರೆಯುತ್ತೇವೆ. ನಡುವಿನ 20 ವರ್ಷದಲ್ಲಿ ಅವರು ದಿನಾ ಬುಟ್ಟಿ ಹೊತ್ತದ್ದನ್ನು ಅಷ್ಟಾಗಿ ಬರೆಯುವುದಿಲ್ಲ. ನಿಮ್ಮಂಥವರಿಗೆ ತಾವು ಚಿಕ್ಕವರು ಅನ್ನಿಸುವುದರಲ್ಲಿ ನಮ್ಮ ತಪ್ಪೂ ಇದೆ.

ಒಂದು ಮಾತು ಬಿಡಿಸಿ ಹೇಳಬೇಕು. ಸಂಬಳ ಎರಡೆರಡು ತಿಂಗಳು ತಡವಾಗುತ್ತದೆ ಎಂದಿದ್ದೀರಿ. ಅದಕ್ಕೆ ನಾನು ಮೇಲೆ ಬರೆದ ಯಾವುದೂ ಪರಿಹಾರವಲ್ಲ. ಜೊತೆಯವರನ್ನು ಕಟ್ಟಿಕೊಂಡು ಕೇಳಿ, ಬರವಣಿಗೆಯಲ್ಲೇ ಕೇಳಿ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅನ್ನುವ ಸಮಾಧಾನ ನಿಮ್ಮದು. ಅದನ್ನು ತೋರಿಸಿ ಯಾರೂ ನಿಮ್ಮ ಸಂಬಳ ಹಿಡಿದಿಟ್ಟುಕೊಳ್ಳಬಾರದು.

ಇನ್ನೊಂದು. ಭಾನುವಾರ ಪಕ್ಕದ ಮನೆ ಹುಡುಗನಿಗೆ ಲೆಕ್ಕ ಹೇಳಿಕೊಡುವುದನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನೀವು ಖುಷಿಯಿಂದ ಬರೆದ ಸಾಲು ಅದೊಂದೇ. ಅದನ್ನು ಬಿಡಬೇಡಿ. ಎಲ್ಲವೂ ಕಚೇರಿಯಲ್ಲೇ ಸಿಗಬೇಕು ಅಂತೇನಿಲ್ಲ.

ಇನ್ನೇನು ಜೂನ್ ಬಂತು, ನಿಮ್ಮ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಅರ್ಜಿ ಸಲ್ಲಿಸುವ ಮೊದಲು ಪರದೆಯಲ್ಲಿರುವ ಹೆಸರನ್ನು ಆ ಮಗುವಿಗೆ ಒಮ್ಮೆ ಓದಿ ಹೇಳಿ. ಯಾವ ಕಾಲೇಜಿಗೆ, ಏನು ಓದುತ್ತೀಯಾ ಅಂತ ಕೇಳಿ. ಎಲ್ಲರಿಗೂ ಆಗಲಿಕ್ಕಿಲ್ಲ, ದಿನಕ್ಕೆ ಇಬ್ಬರನ್ನು ಕೇಳಿದರೂ ಸಾಕು. ಅವರೇನು ಹೇಳಿದರು ಅಂತ ಜುಲೈನಲ್ಲಿ ನನಗೊಂದು ಪತ್ರ ಹಾಕಿ. ಕಾಯುತ್ತಿರುತ್ತೇನೆ.

– ಸಂಪಾದಕ