ಪೊಲೀಸರು ಕಾರು ತಡೆದರೆ: ಆ ತಾಯಿಯ ಭಯ ಅತಿಯಲ್ಲ

ಪೊಲೀಸರು ಕಾರು ತಡೆದರೆ ಕೈಗಳನ್ನು ಸ್ಟೀರಿಂಗ್ ಮೇಲೆಯೇ ಇಡಬೇಕೆಂದು ಅಮೆರಿಕದ ನಿಮ್ಮ ಕಪ್ಪುವರ್ಣೀಯ ನೆರೆಯಾಕೆ ಮಗನಿಗೆ ಪದೇ ಪದೇ ಹೇಳುವುದು ಅತಿಯಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. 2021ರ ಏಪ್ರಿಲ್‌ನಲ್ಲಿ ಮಿನ್ನೆಸೋಟಾದಲ್ಲಿ ಪೊಲೀಸರು ತಡೆದಾಗ 20 ವರ್ಷದ ಕಪ್ಪುವರ್ಣೀಯ ಯುವಕ ಡಾಂಟೆ ರೈಟ್ ತಾಯಿಗೆ ಫೋನ್ ಮಾಡಿದ್ದ. ಸ್ವಲ್ಪ ಹೊತ್ತಿನಲ್ಲೇ ಅಧಿಕಾರಿಯೊಬ್ಬರ ಗುಂಡಿಗೆ ಬಲಿಯಾದ. ತಡೆಯಲು ಕೊಟ್ಟ ಕಾರಣಗಳಲ್ಲಿ ಒಂದು, ನೋಂದಣಿಯ ಅವಧಿ ಮುಗಿದಿದ್ದದ್ದು! ಕಾರು ತಡೆಯಲು ಸಣ್ಣ ಸಂಚಾರ ನಿಯಮ ಮುರಿದಿದ್ದರೂ ಸಾಕು, ಪೊಲೀಸರ ಒಳ ಉದ್ದೇಶವನ್ನು ಪ್ರಶ್ನಿಸಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಸ್ಟ್ಯಾನ್‌ಫರ್ಡ್ ಸಂಶೋಧಕರ ದೊಡ್ಡ ಅಧ್ಯಯನವೊಂದರಲ್ಲಿ, ಕತ್ತಲಾಗಿ ಚಾಲಕರ ಮುಖ ಕಾಣದಾದಾಗ ತಡೆಯಲ್ಪಟ್ಟವರಲ್ಲಿ ಕಪ್ಪುವರ್ಣೀಯರ ಪಾಲು ಇಳಿದದ್ದು ಕಂಡುಬಂದಿತು. ದಯವಿಟ್ಟು ಆ ತಾಯಿಗೆ ‘ಹೆದರಬೇಡಿ’ ಎನ್ನಬೇಡಿ. ನಿಮ್ಮ ಮಗನೂ ಅದೇ ಕಾರಿನಲ್ಲಿ ಹೋಗುವುದಿದ್ದರೆ ಅವನಿಗೂ ಅದನ್ನೇ ಹೇಳಿಕೊಡಿ.