ಅಸ್ವಾಭಾವಿಕ ಸಾವೆಂದು ದಾಖಲಾದ ಮೇಲೂ ಕೊಲೆಯ ತನಿಖೆ ಸಾಧ್ಯವೇ?

ಮದುವೆಯಾಗಿ ನಾಲ್ಕು ವರ್ಷವಾಗಿದ್ದ ನಿಮ್ಮ ಅಕ್ಕ ಮಂಡ್ಯದ ಗಂಡನ ಮನೆಯಲ್ಲಿ ನೇಣು ಹಾಕಿಕೊಂಡರೆಂದು ನಿಮ್ಮ ಭಾವ ಹೇಳುತ್ತಿರುವುದನ್ನೂ, ಪೊಲೀಸರು ಅಸ್ವಾಭಾವಿಕ ಸಾವೆಂದು ದಾಖಲಿಸಿರುವುದನ್ನೂ ತಿಳಿಸಿ, ಇನ್ನು ಕೊಲೆಯ ತನಿಖೆ ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಆ ದಾಖಲೆ ವಿಚಾರಣೆಯ ಆರಂಭವೇ ಹೊರತು ತೀರ್ಮಾನವಲ್ಲ.

ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ತೀರಿಕೊಂಡರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಮತ್ತು 196ನೇ ಕಲಂಗಳಂತೆ ದಂಡಾಧಿಕಾರಿಯ ವಿಚಾರಣೆ ನಡೆಯಬೇಕು. ಸಾಮಾನ್ಯವಾಗಿ ತಹಶೀಲ್ದಾರರು ಶವಪಂಚನಾಮೆಗೆ ಬರುತ್ತಾರೆ. ಅವರೆದುರು ನಿಮ್ಮ ತಾಯಿಯವರು ಹೇಳಿದ್ದೆಲ್ಲ ಬರಹಕ್ಕಿಳಿದಿದೆಯೇ ಎಂಬುದನ್ನು ಮೊದಲು ನೋಡಿ.

ಕತ್ತಿನ ಗುರುತು ನೇರವಾಗಿ ಸುತ್ತಿಕೊಂಡಂತಿತ್ತು ಎಂದು ನೀವು ಬರೆದಿರುವುದು ಬಹಳ ಮುಖ್ಯವಾದದ್ದು. ಸಾಮಾನ್ಯವಾಗಿ ನೇಣಿನ ಗುರುತು ಕತ್ತಿನ ಮೇಲ್ಭಾಗದಲ್ಲಿ ಓರೆಯಾಗಿ ಗಂಟಿನ ಕಡೆಗೆ ಏರುತ್ತಾ ಹೋಗಿ ಅಲ್ಲಿ ಮಸುಕಾಗುತ್ತದೆ. ಹಗ್ಗ ಬಿಗಿದು ಕೊಂದಿದ್ದರೆ ಅದು ಇನ್ನೂ ಕೆಳಗೆ, ಅಡ್ಡಲಾಗಿ, ಸುತ್ತಲೂ ಮೂಡಿರುತ್ತದೆ. ಬಾಯಿಯ ಅಂಚಿನಿಂದ ಜೊಲ್ಲು ಇಳಿದ ಕಲೆಯು ಜೀವವಿದ್ದಾಗಲೇ ನೇಣು ಬಿದ್ದಿತ್ತೆಂಬುದಕ್ಕೆ ಬಲವಾದ ಸೂಚನೆ, ಆದರೆ ಅದಿಲ್ಲವೆಂದ ಮಾತ್ರಕ್ಕೆ ಕೊಲೆಯೆಂದು ಹೇಳಲಾಗದು. ಕತ್ತಿನ ಒಳಗಿನ ಗಾಯಗಳು, ಕೈಗಳ ಮೇಲಿನ ತರಚು, ಕುಣಿಕೆಯ ಎತ್ತರ, ಇವೆಲ್ಲವನ್ನೂ ಕೂಡಿಸಿ ನೋಡಿಯೇ ವೈದ್ಯರು ಅಭಿಪ್ರಾಯ ಕೊಡಬೇಕು. ಆದ್ದರಿಂದ ಮರಣೋತ್ತರ ಪರೀಕ್ಷೆಯ ವರದಿಗೂ, ಒಳಾಂಗಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರೆ ಆ ವರದಿಗೂ ಬರವಣಿಗೆಯಲ್ಲೇ ಅರ್ಜಿ ಕೊಡಿ. ನಿಮ್ಮಲ್ಲಿರುವ ಚಿತ್ರಗಳನ್ನೂ ಅಕ್ಕನ ಸಂದೇಶಗಳನ್ನೂ ಅಳಿಸಬೇಡಿ.

ಠಾಣೆಯವರು ನಿಮ್ಮ ದೂರನ್ನು ಎಫ್‌ಐಆರ್ ಮಾಡಲು ಒಪ್ಪದಿದ್ದರೆ, ಅದೇ ಸಂಹಿತೆಯ 173(4)ನೇ ಕಲಂ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಕ್ರಮವಾಗದಿದ್ದರೆ ವಕೀಲರ ಮೂಲಕ ನ್ಯಾಯಾಲಯದ ಮೊರೆ ಹೋಗಬಹುದು.